24ರ ರಾತ್ರಿ ಎಲ್ಲಿರಬೇಕು? ಬೆಳಗಾವಿಯಿಂದ ಮುಂಬೈಗೆ ಕ್ರಿಸ್‌ಮಸ್ ರಜೆ

ಕ್ರಿಸ್‌ಮಸ್ ನೋಡಲು ಮುಂಬೈಗೆ ಹೊರಡುವವರು ನಮ್ಮ ಬೆಳಗಾವಿಯಲ್ಲಿ ಸಾಮಾನ್ಯವಾಗಿ 24ರ ರಾತ್ರಿಯ ಗಾಡಿ ಹಿಡಿಯುತ್ತಾರೆ. 25ಕ್ಕೆ ಹೇಗೂ ರಜೆ, ಮುಂಜಾನೆ ಇಳಿದರಾಯಿತು ಎಂಬ ಲೆಕ್ಕ. ಆದರೆ ಈ ಹಬ್ಬದ ದೊಡ್ಡ ಹೊತ್ತು 24ರ ಸಂಜೆ ಮತ್ತು ರಾತ್ರಿ. ಚರ್ಚುಗಳ ಜಾಗರಣೆಯ ಪೂಜೆ, ಹಾಡು, ಬೀದಿಯ ದೀಪ ಎಲ್ಲ ಅಂದೇ. 25ರ ಬೆಳಗ್ಗೆ ದಾದರಿನಲ್ಲಿ ಇಳಿಯುವವರಿಗೆ ಸಿಗುವುದು ರಾತ್ರಿಯೆಲ್ಲ ಎದ್ದಿದ್ದು ಈಗ ಮಲಗಿರುವ ಬಾಂದ್ರಾ, ಅಂದರೆ ಮುಂಬೈಯ ಚರ್ಚುಗಳ ಬಡಾವಣೆ. ಹಾಗಾಗಿ 24ರ ರಾತ್ರಿ ಮುಂಬೈಯಲ್ಲಿ ಇರಬೇಕೋ ಬೇಡವೋ ಎಂಬುದನ್ನು ಮನೆಯಲ್ಲಿ ಮೊದಲು ತೀರ್ಮಾನಿಸಿ. ಬೇಡ ಎಂದಾದರೆ 26ರ ನಂತರ ಹೋಗುವುದೇ ಲೇಸು. ನಕ್ಷತ್ರದ ಬುಟ್ಟಿಗಳು, ಗೋದಲಿಗಳು (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿಗಳು) ಜನವರಿ 6ರ ಸುಮಾರಿಗೆ ಇಳಿಯುತ್ತವೆ, ಅಲ್ಲಿಯವರೆಗೂ ನೋಡಬಹುದು. 31ರ ಸಂಜೆ ಮಾತ್ರ ಮರೀನ್ ಡ್ರೈವ್, ಗೇಟ್‌ವೇ ಕಡೆ ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ.

2026ರ ಡಿಸೆಂಬರ್ 25 ಶುಕ್ರವಾರ. 26 ನಾಲ್ಕನೇ ಶನಿವಾರ, 27 ಭಾನುವಾರ. ಬ್ಯಾಂಕಿನವರಿಗೂ ಸರ್ಕಾರಿ ನೌಕರರಿಗೂ ಮೂರು ದಿನ ಸೇರಿ ಬಂದಿದೆ. ಗುರುವಾರ 24ಕ್ಕೆ ಒಂದೇ ಒಂದು ರಜೆ ಹಾಕಿದರೆ ಬುಧವಾರ 23ರಂದು ಹೊರಟು ಸೋಮವಾರ ಮುಂಜಾನೆ ಮನೆ ಸೇರಬಹುದು. ಮಕ್ಕಳ ಶಾಲೆಗೆ ಒಮ್ಮೆ ಕೇಳಿಕೊಳ್ಳಿ. ಕ್ರಿಶ್ಚಿಯನ್ ಸಂಸ್ಥೆಗಳ ಶಾಲೆಗಳು ದಸರಾ ರಜೆ ಕಡಿಮೆ ಮಾಡಿ ಕ್ರಿಸ್‌ಮಸ್‌ಗೆ ಉದ್ದ ರಜೆ ಕೊಡುವುದುಂಟು, ಉಳಿದ ಕಡೆ 25 ಒಂದೇ ದಿನ.

ಇನ್ನು ಟಿಕೆಟ್. ಇದರಲ್ಲೇ ಹೆಚ್ಚಿನ ಜನ ಸೋಲುವುದು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು, ಬೆಳಗ್ಗೆ 8ಕ್ಕೆ ತೆರೆಯುತ್ತದೆ. 2024ರ ನವೆಂಬರ್‌ಗಿಂತ ಮೊದಲು ಇದು 120 ದಿನ ಇತ್ತು, ಆ ಹಳೆಯ ಲೆಕ್ಕ ಇನ್ನೂ ಕೆಲವರ ತಲೆಯಲ್ಲಿದೆ. 23ರ ಪ್ರಯಾಣಕ್ಕೆ ಅಕ್ಟೋಬರ್ 24, ವಾಪಸ್ 27ಕ್ಕೆ ಅಕ್ಟೋಬರ್ 28. ಆದರೆ ಈ 60 ದಿನ ಎಣಿಸುವುದು ಗಾಡಿ ತನ್ನ ಮೂಲ ನಿಲ್ದಾಣ ಬಿಡುವ ದಿನದಿಂದ, ನೀವು ಹತ್ತುವ ದಿನದಿಂದಲ್ಲ. ಹುಬ್ಬಳ್ಳಿ–ದಾದರ್ ಗಾಡಿ ಅದೇ ದಿನ ಹೊರಟು ಬೆಳಗಾವಿಗೆ ಬರುತ್ತದೆ, ಹಾಗಾಗಿ ಅಕ್ಟೋಬರ್ 24 ಸರಿ. ಪುದುಚೇರಿಯಿಂದ ಬರುವ ಚಾಲುಕ್ಯ ಎಕ್ಸ್‌ಪ್ರೆಸ್, ತಿರುನೆಲ್ವೇಲಿಯಿಂದ ಬರುವ ದಾದರ್ ಗಾಡಿ ಹಿಂದಿನ ದಿನವೇ ಹೊರಟಿರುತ್ತವೆ. ಅವಕ್ಕೆ ಬುಕಿಂಗ್ ಒಂದು ದಿನ ಮೊದಲೇ ತೆರೆದಿರುತ್ತದೆ. ಮರುದಿನ ಎಂಟಕ್ಕೆ ಸರಿಯಾಗಿ ಕೂತರೂ ಅಷ್ಟರಲ್ಲಿ ವೇಟಿಂಗ್ ಲಿಸ್ಟ್ ಶುರುವಾಗಿರುತ್ತದೆ. ಇವೆರಡೂ ದಿನಾಲೂ ಓಡುವ ಗಾಡಿಗಳಲ್ಲ, ವಾರ ನೋಡಿಕೊಳ್ಳಿ.

ತೆರೆದ ಕೂಡಲೇ ಆನ್‌ಲೈನ್ ಟಿಕೆಟ್ ತೆಗೆಯಲು ಆಧಾರ್ ದೃಢೀಕರಿಸಿದ ಖಾತೆ ಬೇಕು. ತತ್ಕಾಲ್‌ಗೂ ಅಷ್ಟೇ. ಈ ಕೆಲಸವನ್ನು ಸೆಪ್ಟೆಂಬರಿನಲ್ಲೇ ಮುಗಿಸಿಡಿ, ಎಲ್ಲರ ಹೆಸರು, ವಯಸ್ಸು ಮೊದಲೇ ಪಟ್ಟಿಗೆ ಸೇರಿಸಿಡಿ. ಅಜ್ಜ-ಅಜ್ಜಿ ಜೊತೆಗಿದ್ದರೆ ಅವರಿಬ್ಬರ ಟಿಕೆಟ್ ಬೇರೆಯೇ ತೆಗೆಯಿರಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಇರುವ ಕೆಳಗಿನ ಬರ್ತ್‌ನ ಕೋಟಾ ಒಂದು ಟಿಕೆಟ್‌ನಲ್ಲಿ ಅಂಥವರು ಒಬ್ಬರು ಅಥವಾ ಇಬ್ಬರೇ ಇದ್ದಾಗ ಮಾತ್ರ ಸಿಗುತ್ತದೆ. ಮಗ, ಸೊಸೆ, ಮೊಮ್ಮಕ್ಕಳನ್ನೆಲ್ಲ ಒಂದೇ ಟಿಕೆಟ್‌ಗೆ ಸೇರಿಸಿದರೆ ಆ ಸೌಲಭ್ಯ ಹೋಯಿತು, ಅಜ್ಜಿಗೆ ಅಪ್ಪರ್ ಬರ್ತ್ ಬಂದರೂ ಬಂತು.

ಬೆಳಗಾವಿಯ ಕೋಟಾ ಮುಗಿದಿದ್ದರೆ ಹುಬ್ಬಳ್ಳಿಯಿಂದ ದಾದರಿಗೆ ನೋಡಿ. ಅಲ್ಲಿ ಸೀಟಿದ್ದರೆ ಹುಬ್ಬಳ್ಳಿಯಿಂದ ತೆಗೆದು, ಬೋರ್ಡಿಂಗ್ ಬೆಳಗಾವಿ ಎಂದು ಹಾಕಿ. ಚಾರ್ಜ್ ಹುಬ್ಬಳ್ಳಿಯಿಂದಲೇ ಬೀಳುತ್ತದೆ, ಆದರೆ ಖಚಿತ ಬರ್ತ್ ಕೈಗೆ ಬರುತ್ತದೆ. ಬೋರ್ಡಿಂಗ್ ಬದಲಿಸದೆ ಬೆಳಗಾವಿಯಲ್ಲಿ ಹತ್ತಿದರೆ ಟಿಸಿ ನಿಮ್ಮ ಬರ್ತನ್ನು ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟಿರಬಹುದು. ಅದೂ ಆಗದಿದ್ದರೆ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋಗಿ, ಅಲ್ಲಿಂದ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್. ವಿಜಯಪುರದವರಿಗೆ ಸೊಲ್ಲಾಪುರವೇ ಹತ್ತಿರ, ಅಲ್ಲಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ರಾತ್ರಿ ಹೊರಡುತ್ತದೆ. ಸ್ಲೀಪರ್ ಬಸ್ ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ರಜೆಯ ಮುನ್ನಾದಿನ ದರ ಏರುತ್ತದೆ, ಖಂಬಾಟಕಿ ಘಾಟ್ ಮತ್ತು ಖಂಡಾಲಾ ಘಾಟ್‌ನಲ್ಲಿ ಗಾಡಿಗಳು ತಾಸುಗಟ್ಟಲೆ ನಿಲ್ಲುತ್ತವೆ. ಬಸ್ಸಿನಲ್ಲಿ ಹೋದರೆ ಮರುದಿನ ಮಧ್ಯಾಹ್ನದವರೆಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಉಳಿಯುವುದು ದಾದರ್ ಅಥವಾ ಮಾಟುಂಗಾದಲ್ಲಿ. ನಮ್ಮ ಕಡೆಯ ಹೆಚ್ಚಿನ ಗಾಡಿಗಳು ದಾದರಿಗೇ ಮುಗಿಯುತ್ತವೆ. ಸೆಂಟ್ರಲ್, ವೆಸ್ಟರ್ನ್ ಎರಡೂ ಲೋಕಲ್ ಅಲ್ಲೇ ಸಿಗುತ್ತವೆ, 2025ರ ಅಕ್ಟೋಬರಿನಿಂದ ಕಫ್ ಪರೇಡ್‌ವರೆಗೆ ನೆಲದಡಿಯ ಮೆಟ್ರೋ ಕೂಡ. ಬುಕ್ ಮಾಡುವ ಮೊದಲು ಲಾಡ್ಜಿಗೆ ಫೋನ್ ಹಚ್ಚಿ ಒಂದೇ ಪ್ರಶ್ನೆ ಕೇಳಿ: ಚೆಕ್-ಔಟ್ 24 ತಾಸಿನದೋ, ಮಧ್ಯಾಹ್ನ 12ರದೋ? ಮುಂಜಾನೆ ಇಳಿಯುವವರು ಮಧ್ಯಾಹ್ನ 12ರ ಪದ್ಧತಿಯ ಲಾಡ್ಜ್ ಹಿಡಿದರೆ ಆರು ತಾಸು ಲಾಬಿಯಲ್ಲಿ ಕೂರಬೇಕು, ಇಲ್ಲವೇ ಅರ್ಧ ದಿನದ ಬಾಡಿಗೆ ಹೆಚ್ಚಿಗೆ ಕೊಡಬೇಕು. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಸಾಮಾನು ಇಡುವುದಾದರೆ ಪ್ರತಿ ಬ್ಯಾಗಿಗೂ ಬೀಗ ಇರಬೇಕು, ಬೀಗವಿಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲ. ಮನೆಯಿಂದಲೇ ನಾಲ್ಕು ಸಣ್ಣ ಬೀಗ ಒಯ್ಯಿರಿ.

24ರಂದು ಹಗಲು ಮಲಗಿ, ಸಂಜೆ 5ಕ್ಕೇ ಹೊರಡಿ. ದಾದರಿನಿಂದ ವೆಸ್ಟರ್ನ್ ಸ್ಲೋ ಲೋಕಲ್‌ನಲ್ಲಿ ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಮೂರನೇ ಸ್ಟೇಷನ್. ಸ್ಲೋ ಗಾಡಿಯನ್ನೇ ಹಿಡಿಯಿರಿ. ಸಂಜೆ ಉತ್ತರಕ್ಕೆ ಹೋಗುವ ಫಾಸ್ಟ್ ಲೋಕಲ್‌ನಲ್ಲಿ ಹತ್ತುವುದಕ್ಕಿಂತ ಬಾಂದ್ರಾದಲ್ಲಿ ಇಳಿಯುವುದೇ ಕಷ್ಟ. ಪಶ್ಚಿಮದ ಕಡೆ ಹೊರಬಂದು ಹಿಲ್ ರೋಡ್ ಹಿಡಿದು ನಡೆದರೆ ಮೌಂಟ್ ಮೇರಿ ಚರ್ಚಿನ ಗುಡ್ಡ ಬರುತ್ತದೆ. ಏಳರ ನಂತರ ಆಟೋಗಳು ಅಲುಗಾಡುವುದಿಲ್ಲ, ನಡೆದವರೇ ಮೊದಲು ಮುಟ್ಟುತ್ತಾರೆ. ಈಗಿರುವ ಚರ್ಚ್ ಕಟ್ಟಡ 1904ರದು. ಬಾಂದ್ರಾ ಜಾತ್ರೆ ಇಲ್ಲೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ, ಆದರೆ ಅದು ಸೆಪ್ಟೆಂಬರಿನಲ್ಲಿ.

ಗೋದಲಿಯನ್ನು ನಿಂತು ನೋಡಿ. ಹುಲ್ಲಿನ ಗುಡಿಸಲು, ಮಣ್ಣಿನ ಹಸು, ಕುರಿ, ಮೊಣಕಾಲೂರಿದ ಮೇರಿ, ಜೋಸೆಫ್. 24ರ ಸಂಜೆ ನಡುವಿನ ಮೇವಿನ ತೊಟ್ಟಿ ಬಹಳ ಕಡೆ ಖಾಲಿ ಇರುತ್ತದೆ. ಕೂಸನ್ನು ಅದರಲ್ಲಿ ಮಲಗಿಸುವುದು ರಾತ್ರಿಯ ಪೂಜೆಯಲ್ಲಿ. ಮಕ್ಕಳಿಗೆ ಖಾಲಿ ತೊಟ್ಟಿಯನ್ನೂ ತೋರಿಸಿ, ಮರುದಿನ ತುಂಬಿದ್ದನ್ನೂ ತೋರಿಸಿ. 25ರ ಬೆಳಗ್ಗೆ ಬರುವವರಿಗೆ ಇದು ಸಿಗುವುದಿಲ್ಲ. ಬಯಲಿನಲ್ಲಿ ಪೂಜೆ ಇಡುವ ಕಡೆ ಧ್ವನಿವರ್ಧಕದ ರಾತ್ರಿ 10ರ ಮಿತಿಯಿಂದಾಗಿ ಪೂಜೆ ಬೇಗ ಶುರುವಾಗುವುದುಂಟು, ಆಯಾ ಚರ್ಚಿನ ಬಾಗಿಲ ಬಳಿಯ ಫಲಕದಲ್ಲಿ ವೇಳೆ ಓದಿಕೊಳ್ಳಿ. ಪೂಜೆಯ ನಡುವೆ ಮೊಬೈಲ್ ಎತ್ತಬೇಡಿ, ಪ್ರಸಾದದ ಸಾಲಿಗೆ ಹೋಗಬೇಡಿ. ಅದು ಆ ಧರ್ಮದ ದೀಕ್ಷೆ ಪಡೆದವರಿಗೆ ಮಾತ್ರ. ಬಾಂದ್ರಾದ ರಾನ್ವರ್, ಚಿಂಬಈ ಓಣಿಗಳಲ್ಲಿ ಮನೆ ಮನೆಗೂ ನಕ್ಷತ್ರ ತೂಗುತ್ತಿರುತ್ತದೆ. ಅವು ಜನ ವಾಸಿಸುವ ಮನೆಗಳು, ಕೇಳಿಯೇ ಫೋಟೋ ತೆಗೆಯಿರಿ. ವಾಪಸ್ಸಿಗೆ ಕೊನೆಯ ಲೋಕಲ್ ನೆಚ್ಚದೆ 12ರೊಳಗೆ ಸ್ಟೇಷನ್ ಸೇರಿ. ಆಟೋ ಬಾಂದ್ರಾದಿಂದ ದಾದರಿಗೆ ಬರುವುದಿಲ್ಲ, ಮಾಹಿಮ್ ದಾಟಲು ಅದಕ್ಕೆ ಪರವಾನಗಿಯೇ ಇಲ್ಲ. ತಪ್ಪಿದರೆ ಟ್ಯಾಕ್ಸಿಯೇ ಗತಿ.

ತಿಂಡಿ ಪೊಟ್ಟಣದಲ್ಲಿ ನೇವ್ರಿ ಕಂಡರೆ ಗುರುತು ಸಿಗುತ್ತದೆ, ಅದು ನಮ್ಮ ಕರ್ಚಿಕಾಯಿಯ ಅಕ್ಕ. ಕುಲ್‌ಕುಲ್ ಬೇರೆ ಬಗೆ: ಮೈದಾ ಕಣಕದ ನೆಲ್ಲಿಕಾಯಿಗಿಂತ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ, ಗೆರೆ ಮೂಡಿದ ಮೇಲೆ ಶಂಖದಂತೆ ಸುತ್ತಿ ಕರಿಯುತ್ತಾರೆ. ಕೇಕು, ಕುಲ್‌ಕುಲ್ ಎರಡಕ್ಕೂ ಮೊಟ್ಟೆ ಬೀಳುವುದುಂಟು, ಪ್ಲಮ್ ಕೇಕಿನ ದ್ರಾಕ್ಷಿಯನ್ನು ಬಹಳ ಕಡೆ ರಮ್‌ನಲ್ಲಿ ನೆನೆಸಿರುತ್ತಾರೆ. ಎಗ್‌ಲೆಸ್ ಎಂದರೆ ರಮ್ ಇಲ್ಲವೆಂದು ಅರ್ಥವಲ್ಲ. ಶಾಕಾಹಾರಿ ಮನೆಯವರು ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

25ರಂದು ತಡವಾಗಿ ಎದ್ದು, ಮಾಟುಂಗಾದಲ್ಲಿ ಬಾಳೆಎಲೆ ಊಟ. ಸ್ಟೇಷನ್ ಎದುರಿನ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಸಂಜೆ ಗಿರಗಾಂವ್‌ನ ಖೋತಾಚಿವಾಡಿ. ಮೆಟ್ರೋ ಅಲ್ಲೇ ನಿಲ್ಲುತ್ತದೆ, ಮರದ ಮನೆಗಳ ಓಣಿ ಬಾಂದ್ರಾಕ್ಕಿಂತ ಶಾಂತ.

26ಕ್ಕೆ ಎಲಿಫಂಟಾ ದ್ವೀಪದ ಗುಹೆಗಳು. ಸೋಮವಾರ ಬಂದ್, ಹಾಗಾಗಿ ಕೊನೆಯ ದಿನಕ್ಕೆ ದೂಡಬೇಡಿ. ಗೇಟ್‌ವೇಯಿಂದ ದೋಣಿಗೆ ಸುಮಾರು ಒಂದು ತಾಸು, ಆಮೇಲೆ ಸುಮಾರು 120 ಮೆಟ್ಟಿಲು. ರಜೆಯ ಸಾಲು ಬೆಳೆಯುವ ಮೊದಲು ಮೊದಲ ದೋಣಿಗಳಲ್ಲೇ ಹೋಗಿ, ಲೈಫ್ ಜಾಕೆಟ್ ಕಟ್ಟಿಕೊಂಡೇ ಕೂರಿ. ಬಾದಾಮಿಯ ಹದಿನೆಂಟು ಕೈಗಳ ನಟರಾಜನನ್ನು ಕಂಡವರು ಇಲ್ಲಿಯ ಮೂರು ಮುಖದ ಶಿವನ ಮುಂದೆ ಅರ್ಧ ತಾಸಾದರೂ ನಿಲ್ಲಬೇಕು.

27 ಭಾನುವಾರ, ಮೆಗಾ ಬ್ಲಾಕ್ ದಿನ. ಹಳಿ ದುರಸ್ತಿಗೆ ಬೆಳಗ್ಗೆಯಿಂದ ಸಂಜೆಯ ನಡುವೆ ಕೆಲವು ತಾಸು ಕೆಲವು ಮಾರ್ಗಗಳಲ್ಲಿ ಲೋಕಲ್ ಇರುವುದಿಲ್ಲ ಅಥವಾ ಹಳಿ ಬದಲಿಸಿ ಓಡುತ್ತದೆ. ಅಂದು ಶಿವಾಜಿ ಪಾರ್ಕ್, ಸಿದ್ಧಿವಿನಾಯಕ ಎಂದು ದಾದರಿನ ಸುತ್ತಲೇ ಇರಿ. ರಾತ್ರಿ ಗಾಡಿಗೆ 45 ನಿಮಿಷ ಮೊದಲು ಸ್ಟೇಷನ್ನಿನಲ್ಲಿರಿ. 2023ರ ಡಿಸೆಂಬರಿನಿಂದ ದಾದರಿನ ಪ್ಲಾಟ್‌ಫಾರ್ಮ್‌ಗಳಿಗೆ 1ರಿಂದ 14ರವರೆಗೆ ಒಂದೇ ಸಾಲಿನ ಸಂಖ್ಯೆ. 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್, ನಮ್ಮ ಗಾಡಿ ಸೆಂಟ್ರಲ್ ಕಡೆ. ಹಳೆಯ ಸಂಖ್ಯೆ ನೆನಪಿಟ್ಟು ಪಶ್ಚಿಮದ ಕಡೆಯಿಂದ ಒಳಹೊಕ್ಕರೆ ಬ್ಯಾಗು, ಮಕ್ಕಳ ಸಮೇತ ಇಡೀ ಸೇತುವೆ ದಾಟಬೇಕಾಗುತ್ತದೆ.