ಹಂಚಿಯ ಕಥೆಗೆ ಎರಡನೇ ಭಾಗ ಬರೆಯೋದು ಹೇಗೆ?

ಸಿಂಡ್ರೆಲಾ ಕಥೆಯನ್ನು ಹದಿಹರೆಯದವರಿಗಾಗಿ ಫ್ಯಾಂಟಸಿ ಮಾಡುವವರು ಮೊದಲ ಪುಸ್ತಕವನ್ನು ಮದುವೆಗೆ ತಂದು ನಿಲ್ಲಿಸುತ್ತಾರೆ. ಎರಡನೆಯದಕ್ಕೆ ಎಲ್ಲಿಂದಲೋ ಹೊಸ ಮಾಂತ್ರಿಕನನ್ನು ಎಳೆದು ತರುತ್ತಾರೆ. 1697ರಲ್ಲಿ ಫ್ರೆಂಚ್ ಲೇಖಕ ಶಾರ್ಲ್ ಪೆರೋ ಅಚ್ಚು ಹಾಕಿಸಿದ ಸಿಂಡ್ರೆಲಾ ಕಥೆ ಮದುವೆಗೇ ಮುಗಿಯುತ್ತದಲ್ಲ, ಅವರಾದರೂ ಏನು ಮಾಡಿಯಾರು? ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಬರೆದಿಟ್ಟುಕೊಂಡ, ಕನ್ನಡದ ಸಿಂಡ್ರೆಲಾ ಎನ್ನಬಹುದಾದ ಹಂಚಿಯ ಜನಪದ ಕಥೆಯಲ್ಲಿ ಮದುವೆ ಬರುವುದು ನಟ್ಟನಡುವೆ. ಎರಡನೇ ಭಾಗವನ್ನು ಆ ಕಥೆ ಹೇಳಿದವರೇ ಕಟ್ಟಿಕೊಟ್ಟಿದ್ದಾರೆ.

ಕಥೆ ಇಷ್ಟು: ಬಂಗಾರದ ಕೂದಲಿನ ಹುಡುಗಿಯ ಮೇಲೆ ಅಣ್ಣನೇ ಮನಸ್ಸು ಮಾಡುತ್ತಾನೆ. ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಸಿ ಊರು ಬಿಡಿಸುತ್ತಾಳೆ. ಹಂಚು ಹಾಕಿಕೊಂಡವಳು ಹಂಚಿ. ಸಾಹುಕಾರನ ಮನೆಯಲ್ಲಿ ಅಡುಗೆಗೆ ನಿಂತು, ಸಿಹಿ ಅನ್ನಕ್ಕೆ ಹೆಸರಾಗುತ್ತಾಳೆ. ಮನೆಮಂದಿ ತೋಟದ ಊಟಕ್ಕೆ ಹೋದ ದಿನ ಮುಖವಾಡ ತೆಗೆದಾಗ ಸಾಹುಕಾರನ ಮಗ ನೋಡಿಬಿಡುತ್ತಾನೆ, ಮದುವೆಯಾಗುತ್ತದೆ. ಆಮೇಲೆ ಮನೆಯ ಗುರುಸ್ವಾಮಿ ಅವಳ ಬೆನ್ನು ಹತ್ತುತ್ತಾನೆ. ಅವಳು ಬಗ್ಗದಿದ್ದಾಗ ಅಪವಾದ ಹೊರಿಸಿ ಪೆಟ್ಟಿಗೆಯಲ್ಲಿ ತುಂಬಿಸುತ್ತಾನೆ. ಮುದುಕಿಯೊಬ್ಬಳು ಅವಳನ್ನು ಹೊರತೆಗೆದು, ಅದೇ ಪೆಟ್ಟಿಗೆಯಲ್ಲಿ ಹುಚ್ಚುನಾಯಿ ಇಟ್ಟು ಮುಚ್ಚುತ್ತಾಳೆ.

ಹಾಗಾಗಿ ಹೊಸ ಖಳನಾಯಕ ಬೇಡ. ಮೊದಲ ಭಾಗದಲ್ಲಿ ಗುರುಸ್ವಾಮಿಯನ್ನು ಒಂದೇ ಒಂದು ಸಾಲಿನಲ್ಲಿ, ಮದುವೆಯ ಅಕ್ಷತೆ ಹಾಕುವವರ ನಡುವೆ ತೋರಿಸಿದ್ದರೆ ಸಾಕು. ತೋರಿಸಿಲ್ಲವೆಂದರೆ ಎರಡನೇ ಭಾಗದ ಮೊದಲ 50 ಪುಟ ಅವನ ಪರಿಚಯಕ್ಕೇ ಹೋಗುತ್ತದೆ.

ಮುಖವಾಡದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮದುವೆಯಾಯಿತು, ತೆಗೆದಿಟ್ಟಳು ಎಂದು ಮರೆತುಬಿಡುತ್ತಾರೆ. ಆದರೆ ಅದು ಸುಟ್ಟ ಮಣ್ಣು, ರೇಷ್ಮೆಯ ಪರದೆಯಲ್ಲ. ಹಸಿ ಮಣ್ಣು ಒಣಗಿ ಬೇಯುವಷ್ಟರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಮುಖದ ಅಳತೆಗೇ ತಟ್ಟಿದರೆ ಆವಿಗೆಯಿಂದ ಬಂದಾಗ ಮುಖಕ್ಕೆ ಕೂಡುವುದಿಲ್ಲ. ಕುಂಬಾರ ದೊಡ್ಡದಾಗಿಯೇ ಮಾಡಿರಬೇಕು. 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, ಅರ್ಧ ಸೆಂ.ಮೀ. ದಪ್ಪ ಎಂದರೂ ಕಾಲು ಕಿಲೋಕ್ಕಿಂತ ಹೆಚ್ಚು ತೂಗುತ್ತದೆ. ಅದನ್ನು ಹೊತ್ತು ಒಲೆಯ ಮುಂದೆ ಕೂತವಳ ಕಿವಿಯ ಹಿಂದೆ ದಾರ ಕೊರೆದಿರುತ್ತದೆ. ಮೆರುಗಿಲ್ಲದ ಮಣ್ಣು ಬೆವರು ಕುಡಿದು ಉಪ್ಪಿನ ಬಿಳಿ ಗೆರೆ ಬಿಡುತ್ತದೆ. ಆ ಗೆರೆ, ಆ ಗಾಯದ ಗುರುತು ಎರಡನೇ ಭಾಗದಲ್ಲೂ ಇರಲಿ. ಹದಿನಾರಕ್ಕೆ ಮಾಡಿಸಿದ ಹಂಚು ಹತ್ತೊಂಬತ್ತಕ್ಕೆ ಬಿಗಿಯಾದರೆ ಒಂದು ಅಧ್ಯಾಯವೇ ಹುಟ್ಟುತ್ತದೆ.

ಮಾಂತ್ರಿಕತೆಗೂ ಹೊರಗೆ ಹುಡುಕಬೇಕಿಲ್ಲ. ತನ್ನತ್ತ ಸೆಳೆಯಲೆಂದು ಗುರುಸ್ವಾಮಿ ಮಂತ್ರಿಸಿ ಕಳಿಸಿದ್ದನ್ನು ಹಂಚಿ ತಿನ್ನದೆ ಮನೆಯ ಪಾತ್ರೆ-ಪರಿಕರಗಳಿಗೆ ಹಾಕುತ್ತಾಳೆ. ರಾತ್ರಿ ಅವೇ ಅವನನ್ನು ಹುಡುಕಿಕೊಂಡು ಹೋಗುತ್ತವೆ. ಅಂದರೆ ಮಂತ್ರ ಹೆಸರನ್ನು ನೋಡುವುದಿಲ್ಲ, ಯಾವುದರೊಳಗೆ ಬಿತ್ತೋ ಅದನ್ನು ಹಿಡಿಯುತ್ತದೆ. ಈ ನಿಯಮವನ್ನು ಒಮ್ಮೆಯೂ ಮುರಿಯಬೇಡಿ. ಒಳ್ಳುಕಲ್ಲು ಉರುಳಿಕೊಂಡು ಹೋದರೆ ಮರುದಿನ ನೆಲದ ಸಾರಣೆ ಕಿತ್ತಿರಬೇಕು, ಅದನ್ನು ಅತ್ತೆ ನೋಡಬೇಕು, ಅಪವಾದಕ್ಕೆ ಅದೇ ಸಾಕ್ಷಿಯಾಗಬೇಕು.

ಕಥೆಯನ್ನು ಧಾರವಾಡ ಜಿಲ್ಲೆಯ ನವಲಗುಂದದ ಎರಿ (ಕಪ್ಪು ಮಣ್ಣಿನ) ಸೀಮೆಗೆ ತರುವವರು ಪಂಚಾಂಗ ನೋಡಿಯೇ ಬರೆಯಿರಿ. ಸಾಹುಕಾರನ ತೋಟದ ಊಟದ ಜಾಗದಲ್ಲಿ ಎಳ್ಳಮಾಸಿ ಚರಗ (ಚಳಿಗಾಲದ ಎಳ್ಳು ಅಮಾವಾಸ್ಯೆಯಂದು ಹೊಲಕ್ಕೆ ಎಡೆ ಚೆಲ್ಲುವ ಹಬ್ಬ) ಸಲೀಸಾಗಿ ಕೂಡುತ್ತದೆ: ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತಾರೆ, ಮನೆ ಖಾಲಿ. ಆದರೆ ಪೆಟ್ಟಿಗೆಯನ್ನು ಅಲ್ಲಿನ ಬೆಣ್ಣಿಹಳ್ಳದಲ್ಲಿ ತೇಲಿಬಿಡುವ ಆಸೆಯಿದ್ದರೆ ಮಳೆಗಾಲದವರೆಗೆ ಕಾಯಲೇಬೇಕು. ಮಳೆಯಲ್ಲಿ ಉಕ್ಕಿ ಹೊಲಕ್ಕೆ ನುಗ್ಗುವ ಹಳ್ಳ ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಒಂದು ಮಾರೂ ಒಯ್ಯದು. ನಡುವಿನ ಆರೇಳು ತಿಂಗಳು ಗುರುಸ್ವಾಮಿಯ ಸಂಚಿಗೆ ಬೇಕಾದ ಕಾಲ. ಹಸಿ ಎರಿಯಲ್ಲಿ ಪೆಟ್ಟಿಗೆ ಹೊತ್ತವರ ಹೆಜ್ಜೆ ಗೇಣುದ್ದ ಹೂತಿರುತ್ತದೆ, ಯಾರು ಹೊತ್ತರೆಂಬುದು ಮುಚ್ಚಿಡಲಾಗದು.

ಅಣ್ಣನ ಪ್ರಸಂಗವನ್ನು ಎಳೆಯ ಓದುಗರಿಗೆಂದು ಕತ್ತರಿಸಿದರೆ ಮುಖವಾಡಕ್ಕೆ ಕಾರಣವೇ ಉಳಿಯುವುದಿಲ್ಲ. ವಿವರ ಬೇಡ, ಹೆದರಿಕೆ ಇರಲಿ. ಹಿಂದಿನ ಕಥೆ ನೆನಪಿಸಲು ಒಂದು ಪುಟಕ್ಕಿಂತ ಹೆಚ್ಚು ಬಳಸಬೇಡಿ. ಉಳಿದದ್ದನ್ನು ಮುದುಕಿ ಕೇಳಲಿ, ಹಂಚಿ ಅರ್ಧ ಹೇಳಲಿ.

ಅತ್ಯಂತ ಕಠಿಣವಾದದ್ದು ಕೊನೆಯ ಊಟ. ಮುದುಕಿ ಸಾಹುಕಾರನ ಮನೆಯವರನ್ನು ಕರೆಯುತ್ತಾಳೆ, ಸಿಹಿ ಅನ್ನದ ರುಚಿಯಿಂದ ಹಂಚಿಯ ಗುರುತು ಹತ್ತುತ್ತದೆ. ಜನಪದ ಕಥೆ ಇಲ್ಲಿ ಬೇಗ ಕ್ಷಮಿಸಿಬಿಡುತ್ತದೆ. ಹದಿನೈದರ ಓದುಗರು ಒಪ್ಪುವುದಿಲ್ಲ, ಒಪ್ಪಲೂಬಾರದು. ಗಂಡ ಮೊದಲ ತುತ್ತಿಗೇ ಗುರುತಿಸಬಾರದು. ಅತ್ತೆ ಗುರುತಿಸಲಿ, ಕೈ ಎಲೆಯ ಮೇಲೇ ನಿಲ್ಲಲಿ.

“ಏನ ಕಡಿಮಿ ಮಾಡಿದ್ವಿ ಮಗಳ ನಿನಗ?”

“ಕಡಿಮಿ ಏನೂ ಮಾಡಿಲ್ರಿ ಅತ್ತಿ. ನನ್ನೊಂದು ಮಾತು ಕೇಳೂದು ಬಿಟ್ರಿ.”

ಅಧ್ಯಾಯವನ್ನು ಇಲ್ಲೇ ಮುರಿಯಿರಿ. ಗಂಡ ಬಾಯಿ ತೆರೆಯುವುದು ಮುಂದಿನದರಲ್ಲಿ, ಎಲೆ ಎತ್ತಿದ ಮೇಲೆ.