ಅಟ್ಟದ ಮೇಲಿನ ಬಂದೂಕು

ಶಿರಸಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ಕಂಬಳಿ ಹುಡುಕಲು ಅಟ್ಟ ಹತ್ತಿದವನಿಗೆ ಸಿಕ್ಕಿದ್ದು ಹಳೆ ಟಿವಿ ಗೇಮ್, ಜೊತೆಗೆ ಪ್ಲಾಸ್ಟಿಕ್ ಬಂದೂಕು.

1983ರಲ್ಲಿ ನಿಂಟೆಂಡೋ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಗೇಮ್ ಯಂತ್ರದ ನಕಲು ಅದು. ಮಾರಿಯೋ ನನಗೆ ಅಷ್ಟಕ್ಕಷ್ಟೇ. ಒಬ್ಬ ಆಡುವಾಗ ಇನ್ನೊಬ್ಬ ಸುಮ್ನೆ ಕಾಯಬೇಕು. ಬ್ಯಾಟಲ್ ಸಿಟಿಯಲ್ಲಿ ಇಬ್ಬರೂ ಒಟ್ಟಿಗೆ ಟ್ಯಾಂಕ್ ಓಡಿಸಿ ಹದ್ದನ್ನು ಕಾಪಾಡಬೇಕು. ತಮ್ಮ ಬೇಕಂತಲೇ ನನ್ನ ಟ್ಯಾಂಕಿಗೇ ಗುಂಡು ಹೊಡೆಯುತ್ತಿದ್ದ. ಸಾಯುವುದಿಲ್ಲ, ಸ್ವಲ್ಪ ಹೊತ್ತು ಅಲ್ಲಾಡಲು ಆಗುವುದಿಲ್ಲ. ಅಷ್ಟರಲ್ಲಿ ಹದ್ದು ಢಮಾರ್! ಜಗಳ ಜಗುಲಿವರೆಗೂ ಹೋಗುತ್ತಿತ್ತು.

ಬಂದೂಕಿನಿಂದ ಬಾತುಕೋಳಿ ಹೊಡೆಯುವ ಡಕ್ ಹಂಟ್ ಮಾತ್ರ ಆಯಿಗೂ ಇಷ್ಟ. ಬಾಯಲ್ಲಿ ಕವಳ, ಬಂದೂಕು ಟಿವಿ ಗಾಜಿಗೇ ತಾಗಿಸಿ ಹೊಡೆಯುತ್ತಿದ್ದಳು. ಮೋಸ ಅಲ್ವಾ?

ಇವತ್ತು ಹೊಸ ಟಿವಿಗೆ ಸಿಕ್ಕಿಸಿದೆ. ಚಿತ್ರ ಬಂತು, ಗುಂಡು ತಾಗಲೇ ಇಲ್ಲ. ಟ್ರಿಗರ್ ಒತ್ತಿದಾಗ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನೊಳಗಿನ ಸೆನ್ಸರ್ ಆ ಬೆಳಕನ್ನು ಹಿಡಿಯಬೇಕು. ಅಂದರೆ ಬಂದೂಕು ಏನನ್ನೂ ಹಾರಿಸುವುದಿಲ್ಲ, ಬರೀ ನೋಡುತ್ತದೆ. ಅದೆಲ್ಲ ಹಳೆ ಡಬ್ಬಾ ಟಿವಿಯ ಲೆಕ್ಕ. ತೆಳು ಟಿವಿಯಲ್ಲಿ ಆ ಬೆಳಕು ತಡವಾಗಿ ಬರುತ್ತದೆ.

ಇಷ್ಟೆಲ್ಲ ಆಯಿಗೆ ಬಿಡಿಸಿ ಹೇಳಿದೆ.

"ಹತ್ತಿರ ಹಿಡಿದು ಹೊಡಿ ನೋಡನ" ಎಂದಳು.