ನಾಲ್ಕನೆಯ ಕಾಲಿಗೆ ಕಡ್ಡಿ ಏಕಿಲ್ಲ?

ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆಯೊಂದಿದೆ: "ರಜೆಯಲ್ಲಿ ಏನು ಮಾಡಿದಿರಿ?" ಆರು ವರ್ಷ ನಾನು ಅದಕ್ಕೆ ಕೊಟ್ಟ ಉತ್ತರ ಒಂದೇ. "ವಿಶೇಷವೇನಿಲ್ಲ, ಮನೆಯಲ್ಲೇ ಇದ್ದೆ." ಮನೆಯಲ್ಲಿದ್ದದ್ದು ನಿಜ, ವಿಶೇಷವೇನಿಲ್ಲ ಎಂಬುದು ಸುಳ್ಳು. ಆ ಎರಡು ದಿನಗಳಲ್ಲಿ ನಾನು ಅಂಗೈಯಗಲದ ವಿಮಾನವೊಂದಕ್ಕೆ ರೆಕ್ಕೆ ಜೋಡಿಸಿ, ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ನೀರು ಹಚ್ಚಿದ ಉಜ್ಜುಕಾಗದದಿಂದ ತಿಕ್ಕಿ ತಿಕ್ಕಿ, ಎರಡು ತುಂಡುಗಳು ಕೂಡಿದ ಗೆರೆ ಕಣ್ಣಿಗೂ ಬೆರಳಿಗೂ ಸಿಗದಂತೆ ಮಾಡಿರುತ್ತಿದ್ದೆ. ಆ ಗೆರೆ ಮಾಯವಾದ ಕ್ಷಣದ ಖುಷಿಯನ್ನು ಯಾರಿಗಾದರೂ ಹೇಳಬೇಕೆಂದು ತುಂಬಾ ಅನ್ನಿಸುತ್ತಿತ್ತು. ಆದರೆ ಹೇಳುತ್ತಿರಲಿಲ್ಲ.

ಮುಚ್ಚಿಡುವುದಕ್ಕೆ ಕಾರಣವಿತ್ತು. ಸ್ಕೇಲ್ ಮಾಡೆಲ್‌ಗಳನ್ನು, ಎಂದರೆ ನಿಜ ವಸ್ತುಗಳ ಅಳತೆಬದ್ಧವಾದ ಚಿಕ್ಕ ಮಾದರಿಗಳನ್ನು, ಕಟ್ಟಲು ಆರಂಭಿಸಿದ ಹೊಸದರಲ್ಲಿ ಆಪ್ತ ಗೆಳೆಯನೊಬ್ಬನಿಗೆ ವಿಷಯ ತಿಳಿಸಿದ್ದೆ. "ಆಟಿಕೆಗಳೇ?" ಎಂದು ಕೇಳಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ನಾನೇ ಅದನ್ನು ಆಪಾದನೆಯೆಂದು ತೆಗೆದುಕೊಂಡು ವಾದಕ್ಕೆ ನಿಂತೆ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ವಿದ್ಯಾರ್ಥಿಗಳಿಂದ 5 ಲಕ್ಷ ಮಾದರಿ ವಿಮಾನಗಳನ್ನು ಮಾಡಿಸಲು ಕರೆ ಕೊಟ್ಟಿತ್ತು, ಗೊತ್ತೇ? ಎಲ್ಲವೂ 1/72 ಅಳತೆಯವು, ಎಂದರೆ ನಿಜವಾದ ವಿಮಾನಕ್ಕಿಂತ ಎಪ್ಪತ್ತೆರಡು ಪಟ್ಟು ಚಿಕ್ಕವು. ಆ ಅಳತೆಯ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ ನಿಜವಾದ ವಿಮಾನ ಸುಮಾರು ಅರ್ಧ ಮೈಲಿ ಆಚೆ ಹೇಗೆ ಕಾಣುತ್ತದೋ ಹಾಗೆಯೇ ಕಾಣುತ್ತದೆ, ಸೈನಿಕರು ಅವುಗಳನ್ನು ನೋಡಿ ನಮ್ಮದು ಯಾವುದು, ವೈರಿಯದು ಯಾವುದು ಎಂದು ಗುರುತಿಸಲು ಕಲಿತರು ಎಂದೆಲ್ಲ ಹೇಳಿದೆ. ಗೆಳೆಯ ತಲೆದೂಗಿದ. ಆಟಿಕೆ ಎಂಬ ಮಾತನ್ನು ಹಿಂತೆಗೆದುಕೊಂಡ. ಆದರೆ ಎರಡು ಹೆಜ್ಜೆ ಆಚೆ ಕಪಾಟಿನಲ್ಲಿದ್ದ ವಿಮಾನವನ್ನು ನೋಡುತ್ತೇನೆ ಎನ್ನಲಿಲ್ಲ. ವಾದ ಗೆದ್ದೆ, ಅಷ್ಟೇ.

ಇನ್ನೊಮ್ಮೆ ಬೇರೊಬ್ಬರು ಸಹಜ ಕುತೂಹಲದಿಂದ ಕೇಳಿದಾಗ ಪ್ರೈಮರ್, ಏರ್‌ಬ್ರಶ್, ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಡೆಕಾಲ್ ಎಂದು ಸಾಮಗ್ರಿಗಳ ಪಟ್ಟಿಯನ್ನೇ ಒಪ್ಪಿಸಿದೆ. ಅವರ ನೋಟ ಮೆಲ್ಲಗೆ ಗಡಿಯಾರದ ಕಡೆಗೆ ಹೋಯಿತು. ಆಮೇಲೆ ನಾನು ಬಾಯಿ ಮುಚ್ಚಿದೆ.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ನನ್ನ ಬೆರಳುಗಳು. ಒಂದು ಸೋಮವಾರ ಎದುರು ಮೇಜಿನ ಸಹೋದ್ಯೋಗಿ ನನ್ನ ಬಲಗೈ ನೋಡಿ ಗಾಬರಿಯಾದರು. "ಸರ್, ಕೈಗೆ ಏನಾಯಿತು? ಗಾಯಕ್ಕೆ ಔಷಧಿ ಹಾಕಿದ್ದೀರಾ?" ಮೂರು ಬೆರಳು ಅಯೋಡಿನ್ ಬಳಿದಂತೆ ಕಂದು ಹಳದಿಯಾಗಿದ್ದವು. ಅಷ್ಟು ಕಾಳಜಿಯಿಂದ ಕೇಳಿದವರಿಗೆ ಸುಳ್ಳು ಹೇಳಲಾಗಲಿಲ್ಲ.

"ಗಾಯವಲ್ಲ, ಬಣ್ಣ. ಚಂದ್ರನ ಮೇಲೆ ಇಳಿದ ನೌಕೆಯ ಮಾದರಿ ಮಾಡುತ್ತಿದ್ದೇನೆ."

"ನೀವೇ? ಎಷ್ಟು ದೊಡ್ಡದು?"

ನಾನು ಎರಡು ಕೈಗಳ ನಡುವೆ ಅಳತೆ ತೋರಿಸಿದೆ. "ಮುಗಿದ ಮೇಲೆ ತನ್ನಿ, ನೋಡಬೇಕು" ಎಂದರು.

ಅದು ಅಪೊಲೊ 11ರ ಚಂದ್ರನೌಕೆ 'ಈಗಲ್'. 1/48 ಅಳತೆ. ನಿಜವಾದ ನೌಕೆಯ ಎತ್ತರ ಸುಮಾರು 7 ಮೀಟರ್, ನನ್ನದು ಹದಿನಾಲ್ಕೂವರೆ ಸೆಂಟಿಮೀಟರ್. ಇದರ ಕೆಳಭಾಗಕ್ಕೆ ಹೊನ್ನಿನ ಬಣ್ಣದ ಹೊದಿಕೆಯಿರುವುದನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿರುತ್ತಾರೆ. ಅದು ಚಿನ್ನವಲ್ಲ. ಕ್ಯಾಪ್ಟಾನ್ ಎಂಬ ಜೇನುಬಣ್ಣದ ಪಾರದರ್ಶಕ ಹಾಳೆಯ ಹಿಂದೆ ಅಲ್ಯೂಮಿನಿಯಂ ಲೇಪವಿದೆ. ಬೆಳ್ಳಿಯ ಹೊಳಪು ಹಳದಿ ಹಾಳೆಯನ್ನು ಹಾದು ಬರುವಾಗ ಹೊನ್ನಾಗುತ್ತದೆ. ಅದಕ್ಕೆ ಹೊನ್ನಿನ ಬಣ್ಣವನ್ನೇ ಬಳಿದರೆ ಮಾದರಿ ಹಿತ್ತಾಳೆ ಪಾತ್ರೆಯಂತೆ ಕಾಣುತ್ತದೆ. ನಾನು ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ಬಿಡಿಸಿ, ಅಂಟಿಸಿ, ಅದರ ಮೇಲೆ ಪಾರದರ್ಶಕವಾದ ಹಳದಿ, ಕಿತ್ತಳೆ ಬಣ್ಣಗಳನ್ನು ತೆಳುವಾಗಿ ಹರಿಸಿದ್ದೆ. ನಿಜದ ನೌಕೆಯಲ್ಲೂ ಹೊದಿಕೆಯ ಪದರಗಳನ್ನು ಬೇಕೆಂದೇ ಸುಕ್ಕಾಗಿಸಿದ್ದರು. ಪದರಗಳು ಪರಸ್ಪರ ತಾಕುವುದು ಕಡಿಮೆಯಾದಷ್ಟೂ ಶಾಖ ದಾಟುವುದು ಕಡಿಮೆ. ನನ್ನ ಬೆರಳುಗಳಿಗೆ ಬಣ್ಣ ಮೆತ್ತಿಕೊಂಡದ್ದು ಆ ಸುಕ್ಕುಗಳ ನಡುವೆ.

ಮರುವಾರ ಬುಧವಾರ, ರಟ್ಟಿನ ಪೆಟ್ಟಿಗೆಯೊಳಗೆ ಹಲಗೆಗೆ ಕಟ್ಟಿ ನಿಲ್ಲಿಸಿ, ನೌಕೆಯನ್ನು ಕಚೇರಿಗೆ ಒಯ್ದೆ. ಮಧ್ಯಾಹ್ನದ ವಿರಾಮದಲ್ಲಿ ಮೇಜಿನ ಮೇಲಿಟ್ಟಾಗ ಏಳೆಂಟು ಮಂದಿ ಸೇರಿದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಒಂದು ಮಾತೂ ಬೇಕಾಗಲಿಲ್ಲ. ಯಾರೂ ಆಟಿಕೆಯೇ ಎಂದು ಕೇಳಲಿಲ್ಲ. ಅವರು ನೌಕೆಯನ್ನು ನೋಡುತ್ತಿದ್ದರು.

ಎದುರು ಮೇಜಿನವರು ಬಗ್ಗಿ ನಾಲ್ಕು ಸುತ್ತು ಬಂದರು. "ಸರ್, ಪಾದಗಳ ಕೆಳಗೆ ಉದ್ದನೆಯ ಕಡ್ಡಿಗಳಿವೆ. ಮೂರು ಕಾಲಿಗೆ ಮಾತ್ರ ಇವೆ. ನಾಲ್ಕನೆಯದು ಮುರಿಯಿತೇ?"

ನನ್ನ ಎದೆ ತುಂಬಿ ಬಂತು. ಮಾದರಿಯ ಬಿಡಿಭಾಗಗಳು ಬರುವ ಕಿಟ್‌ನಲ್ಲಿ ನಾಲ್ಕು ಕಡ್ಡಿಗಳಿದ್ದವು. ಒಂದನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಅದನ್ನು ಯಾರಾದರೂ ಗಮನಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಕಡ್ಡಿಗಳು ಸುಮಾರು 1.7 ಮೀಟರ್ ಉದ್ದದವು. ಇಳಿಯುವಾಗ ಯಾವುದಾದರೊಂದು ಕಡ್ಡಿ ನೆಲ ಮುಟ್ಟಿದೊಡನೆ ಒಳಗೆ ದೀಪ ಹೊತ್ತುತ್ತದೆ, ಅದು ಎಂಜಿನ್ ನಿಲ್ಲಿಸುವ ಸೂಚನೆ. ನಾಲ್ಕನೆಯ ಕಾಲು ಏಣಿಯಿರುವ ಕಾಲು. ನೆಲಕ್ಕೆ ಒತ್ತಿ ಬಾಗಿದ ಕಡ್ಡಿ ಮೇಲಕ್ಕೆ ಚಾಚಿಕೊಂಡರೆ, ಏಣಿ ಇಳಿದು ಬರುವವನ ಉಡುಪಿಗೆ ಚುಚ್ಚಬಹುದು. ಗಾಳಿಯಿಲ್ಲದ ಜಾಗದಲ್ಲಿ ಉಡುಪು ಹರಿಯುವುದೆಂದರೆ ಏನೆಂದು ವಿವರಿಸಬೇಕಾಗಲಿಲ್ಲ. ಆ ಭಯದಿಂದಲೇ ಆ ಒಂದು ಕಡ್ಡಿಯನ್ನು ತೆಗೆದುಬಿಟ್ಟರು ಎಂದೆ. ಮೇಜಿನ ಸುತ್ತ ಒಂದು ಕ್ಷಣ ಯಾರೂ ಮಾತನಾಡಲಿಲ್ಲ.

ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ. ಮಿತಭಾಷಿಗಳಾದ ನಮ್ಮ ಮೇಲಧಿಕಾರಿ ಕಿಟಕಿಯೊಳಗೆ ಇಣುಕಿ, "ಕುಳಿತುಕೊಳ್ಳುವುದು ಎಲ್ಲಿ?" ಎಂದು ಕೇಳಿದರು. ಕುರ್ಚಿಗಳೇ ಇರಲಿಲ್ಲ. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಇಬ್ಬರೂ ನಿಂತುಕೊಂಡೇ ಇಳಿದರು. ಕುರ್ಚಿ ತೆಗೆದದ್ದರಿಂದ ತೂಕ ಉಳಿಯಿತು, ಕಣ್ಣು ಗಾಜಿಗೆ ಹತ್ತಿರವಾಗಿ ಕಿಟಕಿಗಳೂ ಇಷ್ಟು ಚಿಕ್ಕದಾದವು. "ಗೋಡೆ ಎಷ್ಟು ದಪ್ಪ?" ಎಂದು ಇನ್ನೊಬ್ಬರು. ಕೆಲವು ಕಡೆ ಬರೀ 0.3 ಮಿಲಿಮೀಟರ್. ಇಲ್ಲಿ ನನ್ನ ಮಾದರಿ ನಿಜ ಹೇಳುತ್ತಿಲ್ಲ ಎಂಬುದನ್ನೂ ತಿಳಿಸಿದೆ. ಇದರ ಪ್ಲಾಸ್ಟಿಕ್ ಗೋಡೆ 1 ಮಿಲಿಮೀಟರ್ ದಪ್ಪವಿದೆ ಎಂದಿಟ್ಟುಕೊಂಡರೂ 48 ಪಟ್ಟು ಹಿಗ್ಗಿಸಿದರೆ ಐದು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಅಂಥ ಗೋಡೆ ಹೊತ್ತು ಯಾವ ನೌಕೆಯೂ ಚಂದ್ರನಿಂದ ಮೇಲೇಳುತ್ತಿರಲಿಲ್ಲ. ಅಳತೆಯ ಮಾದರಿ ಎಲ್ಲಿ ನಿಷ್ಠವಾಗಿದೆ, ಎಲ್ಲಿ ಕಣ್ಣನ್ನು ನಂಬಿಸುತ್ತಿದೆ ಎಂದು ತಿಳಿಯುವುದರಲ್ಲೇ ನನಗೆ ಈ ಕೆಲಸದ ಅರ್ಧ ಸುಖವಿದೆ.

ಕೈಯಿಂದ ಕೈಗೆ ಹೋಗುವಾಗ ಟಕ್ ಎಂದು ಸದ್ದಾಯಿತು. ಒಂದು ಕಡ್ಡಿ ಮುರಿದು ನೆಲಕ್ಕೆ ಬಿದ್ದಿತ್ತು. ಹಿಡಿದಿದ್ದವರು ಬಿಳಿಚಿಕೊಂಡರು. ಎಲ್ಲರೂ ನೆಲ ಹುಡುಕಿದರೂ ತುಂಡು ಸಿಗಲಿಲ್ಲ. ಮನೆಯಲ್ಲಿ ಒಬ್ಬನೇ ಇದ್ದಾಗ ಹೀಗಾಗಿದ್ದರೆ ನನಗೂ ಸಂಕಟವಾಗುತ್ತಿತ್ತು. ಆದರೆ ಅಂದು ಅವರ ಮುಖ ನೋಡಿ, "ಇದನ್ನು ಈಗಲೇ ಹೊಸದಾಗಿ ಮಾಡಬಹುದು, ಬನ್ನಿ" ಎಂದೆ. ಪೆಟ್ಟಿಗೆಯಲ್ಲಿ ಸೂಪರ್ ಗ್ಲೂ, ಚಿಮುಟ, ಒಂದಿಷ್ಟು ಖಾಲಿ ಸ್ಪ್ರೂ ಇದ್ದವು. ಸ್ಪ್ರೂ ಎಂದರೆ ಕಿಟ್‌ನ ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು. ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಅದು ಕಸ, ಆದರೆ ನಮ್ಮಂಥವರು ಎಸೆಯುವುದಿಲ್ಲ.

ಕಟ್ಟಡದ ಹಿಂದಿನ ಬಯಲಿನಲ್ಲಿ ಲೈಟರ್ ಹೊತ್ತಿಸಿ, ಸ್ಪ್ರೂ ತುಂಡೊಂದನ್ನು ಜ್ವಾಲೆಯ ಮೇಲೆ, ಅದಕ್ಕೆ ತಾಕದಂತೆ ತಿರುಗಿಸುತ್ತಾ ಹಿಡಿದೆ. ನಡುಭಾಗ ಹೊಳೆಯತೊಡಗಿ, ಮೆತ್ತಗಾಗಿ ತೂಗುವಾಗ ಬೆಂಕಿಯಿಂದ ಹೊರತೆಗೆದು ಎರಡೂ ಕೈಗಳನ್ನು ಅಗಲಿಸಿದೆ. ಪೆನ್ಸಿಲ್ಲಿನ ಸೀಸದಷ್ಟು ದಪ್ಪದ ಪ್ಲಾಸ್ಟಿಕ್ಕು ಕೂದಲಿನಂಥ ಎಳೆಯಾಗಿ ನನ್ನ ಕೈಗಳ ನಡುವೆ ಚಾಚಿಕೊಂಡಿತು. ಎಲ್ಲರ ಬಾಯಿಂದ ಒಂದೇ ಉದ್ಗಾರ.

ಇದು ಕಡ್ಡಿಗೆ ಬಹಳ ತೆಳುವಾಯಿತು. ವೇಗವಾಗಿ ಎಳೆದರೆ ಎಳೆ ಸಣ್ಣದಾಗುತ್ತದೆ, ನಿಧಾನವಾಗಿ ಎಳೆದರೆ ದಪ್ಪ. "ನಾನು ಎಳೆಯಲೇ?" ಎಂದು ಕಡ್ಡಿ ಮುರಿದವರೇ ಕೈಚಾಚಿದರು. ಮೊದಲ ಸಲ ತುಂಡಾಯಿತು. ಎರಡನೆಯ ಸಲ ನಡುವೆ ಗಂಟಾಯಿತು. ಮೂರನೆಯ ಸಲ ಉಸಿರು ಬಿಗಿಹಿಡಿದು ಎಳೆದರು. ನೇರವಾದ, ಒಂದೇ ದಪ್ಪದ ಎಳೆ ಬಂತು. ಮೂರೂವರೆ ಸೆಂಟಿಮೀಟರ್ ಅಳೆದು ಕತ್ತರಿಸಿ ಅವರೇ ಚಿಮುಟದಲ್ಲಿ ಹಿಡಿದರು, ನಾನು ಪಾದಕ್ಕೆ ಸೂಜಿಮೊನೆಯಷ್ಟು ಅಂಟು ಇಟ್ಟೆ. ವಿರಾಮ ಮುಗಿದು ಹತ್ತು ನಿಮಿಷವಾಗಿತ್ತು. ಮೇಲಧಿಕಾರಿಯೂ ಅಲ್ಲೇ ನಿಂತಿದ್ದರು.

ಅಂದು ರಾತ್ರಿ, ಎಷ್ಟೋ ವರ್ಷಗಳ ಹಿಂದೆ ನಾನು ವಾದದಲ್ಲಿ ಗೆದ್ದ ಗೆಳೆಯನಿಗೆ ನೌಕೆಯ ಚಿತ್ರ ಕಳುಹಿಸಿದೆ. ವಿವರಣೆ ಬರೆಯಲಿಲ್ಲ. "ಒಂದು ಕಾಲಿಗೆ ಮಾತ್ರ ಕಡ್ಡಿ ಇಲ್ಲ. ಯಾವ ಕಾಲು, ಹುಡುಕು" ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತಿನ ಬಳಿಕ ಉತ್ತರ ಬಂತು.

"ಏಣಿ ಇರುವ ಕಾಲು. ಏಕೆ?"